ಹದಿನಾಲ್ಕು ದಿನದ ಇಂಟರ್‌ನೆಟ್ ದಿನಚರಿ

ನನ್ನ ಗಂಡ ಕೇಂದ್ರ ಸರ್ಕಾರದ ರಕ್ಷಣಾ ಘಟಕವೊಂದರಲ್ಲಿ ಕೆಲಸಕ್ಕಿದ್ದರು. ತಿಂಗಳಲ್ಲಿ ಮೂರು ವಾರ ಹೊರಗೇ ಇರುತ್ತಿದ್ದರು. ಎಲ್ಲಿಗೆ ಎಂದು ಅವರು ಹೇಳುವಂತಿರಲಿಲ್ಲ. ನಾನೂ ಕೇಳುವುದನ್ನು ಬಿಟ್ಟಿದ್ದೆ. ತೆಲುಗರ ದೊಡ್ಡ ಊರಿನ ತಾರ್ನಾಕ ಬಡಾವಣೆಯಲ್ಲಿ ಮೊದಲ ಮಹಡಿಯ ಎರಡು ಕೋಣೆಯ ಬಾಡಿಗೆ ಮನೆ. ಕಲಬುರ್ಗಿಯಿಂದ ಮದುವೆಯಾಗಿ ಬಂದು ನಾಲ್ಕು ವರ್ಷವಾದರೂ ನನಗೆ ತೆಲುಗು ಹತ್ತಿರಲಿಲ್ಲ. ತರಕಾರಿಯವನ ಜೊತೆ ಹಿಂದಿ, ಎದುರು ಮನೆಯವರ ಜೊತೆ ಬರೀ ನಗು. ಬೆಳಗಿನಿಂದ ಬಾಯಿ ಬಿಟ್ಟದ್ದು ‘ಆಧಾ ಕಿಲೋ’ ಅನ್ನಲಿಕ್ಕೆ ಮಾತ್ರ ಎಂದು ಕೆಲವು ದಿನ ಸಂಜೆ ನೆನಪಾಗುತ್ತಿತ್ತು.

ಊರಿಗೆ ಊರೇ ಕಂಪ್ಯೂಟರಿನ ಮಾತಾಡುತ್ತಿದ್ದ ಕಾಲವದು. ನಮ್ಮ ಬೀದಿಯ ಕಂಬಕಂಬಕ್ಕೂ ಕಂಪ್ಯೂಟರ್ ಕ್ಲಾಸಿನ ಬೋರ್ಡು. ಒಂದು ಮಧ್ಯಾಹ್ನ ಹೆಗಲಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಬಾಗಿಲು ಬಡಿದಳು. ತೆಲುಗಿನಲ್ಲಿ ಶುರು ಮಾಡಿ, ನನ್ನ ಮುಖ ನೋಡಿ ಹಿಂದಿಗೆ ಹೊರಳಿದಳು. ಅಷ್ಟರಲ್ಲಿ ಗೋಡೆಯ ಕನ್ನಡ ಕ್ಯಾಲೆಂಡರ್ ಅವಳ ಕಣ್ಣಿಗೆ ಬಿತ್ತು.

“ಅಯ್ಯ, ನೀವು ಕನ್ನಡದೋರೇನ್ರಿ ಅಕ್ಕಾರ?”

ಅವಳು ಲಿಂಗಸುಗೂರು ಕಡೆಯವಳು. ಯೂನಿವರ್ಸಿಟಿಯಲ್ಲಿ ಎಂ.ಎ. ಓದುತ್ತ, ಹಾಸ್ಟೆಲಿನಲ್ಲಿದ್ದು, ಬಿಡುವಿನಲ್ಲಿ ಸಮೀಕ್ಷೆಯ ಕೆಲಸ ಮಾಡುತ್ತಿದ್ದಳು. ಯಾವ ಮನೆಯಲ್ಲಿ ಯಾರು ಕಂಪ್ಯೂಟರ್, ಇಂಟರ್‌ನೆಟ್, ಮೊಬೈಲು ಬಳಸುತ್ತಾರೆ, ಯಾಕೆ, ಎಷ್ಟು ಹೊತ್ತು ಎಂದು ತಿಳಿಯುವ ಸಮೀಕ್ಷೆ. ತೆಳುವಾದ ಪುಸ್ತಕವೊಂದನ್ನು ಕೈಗಿಟ್ಟಳು. ಹದಿನಾಲ್ಕು ದಿನ, ದಿನಕ್ಕೊಂದು ಪುಟ. ಮೂರು ದಿನಕ್ಕೊಮ್ಮೆ ತಾನೇ ಬಂದು ನೋಡುವುದಾಗಿ ಹೇಳಿದಳು.

“ಏನೂ ಬಳಸಲಿಲ್ಲ ಅಂದ್ರ?” ಎಂದೆ.

“ಗೀಟು ಎಳೀರಿ. ಖಾಲಿ ಇದ್ರೂ ಅದೂ ಒಂದು ಉತ್ತರಾನ ಐತಿ.”

ಮೂರು ದಿನ ಗೀಟು ಎಳೆದೆ. ಅವಳು ಬಂದಳು, ಪುಟ ತಿರುವಿದಳು, ಸಹಿ ಹಾಕಿ ಎದ್ದಳು. ಒಲೆಯ ಮೇಲೆ ಚಹಾ ಇನ್ನೂ ಕುದ್ದಿರಲಿಲ್ಲ. “ಬ್ಯಾಡ್ರಿ ಅಕ್ಕಾರ, ಮ್ಯಾಲಿನ ಮನಿ ಐತಿ” ಎಂದು ಮೆಟ್ಟಿಲು ಹತ್ತಿದಳು. ಮೇಲಿನವರ ಮನೆಯಲ್ಲಿ ಕಂಪ್ಯೂಟರ್ ಇತ್ತು. ಒಂದೊಂದು ಬಳಕೆಗೂ ಹತ್ತು ಹನ್ನೆರಡು ಪ್ರಶ್ನೆ. ನನ್ನ ತಲೆಯ ಮೇಲೆ ಕುರ್ಚಿ ಎಳೆದ ಸದ್ದು, ಆಮೇಲೆ ಒಂದು ತಾಸು ಮಾತು, ನಗು. ಎರಡು ಕಪ್ ಚಹಾವನ್ನೂ ನಾನೇ ಕುಡಿದೆ.

ಮರುದಿನ ಬೆಳಗ್ಗೆ ಸೀರೆ ಬದಲಿಸಿ, ಜೆರಾಕ್ಸ್ ಅಂಗಡಿಯ ಮೇಲಿದ್ದ ನೆಟ್ ಸೆಂಟರಿಗೆ ಹೋದೆ. ಪರದೆ ಬಿಟ್ಟ ಪುಟ್ಟ ಗೂಡುಗಳು, ಒಳಗೆಲ್ಲ ಕಾಲೇಜಿನ ಹುಡುಗರು. “ಕ್ಯಾ ದೇಖ್ನಾ ಮೇಡಂ?” ಎಂದು ಅಂಗಡಿಯವನು ಕೇಳಿದ. ಏನು ನೋಡಬೇಕೆಂದು ನನಗೇ ಗೊತ್ತಿರಲಿಲ್ಲ. ನಮ್ಮೂರ ಹೆಸರು ಹೇಳಿದೆ. ಅವನೇ ಟೈಪ್ ಮಾಡಿ ಕೊಟ್ಟ. ಲಾಡ್ಜುಗಳ ಪಟ್ಟಿ ಬಂತು, ರೈಲಿನ ವೇಳೆ ಬಂತು, ಕೋಟೆಯ ಒಂದು ಫೋಟೊ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಮೂಡಿತು. ಹುಡುಗಿ ಕೇಳುತ್ತಾಳೆಂದು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡೆ.

ಎರಡನೆಯ ಸಲ ಹೋದಾಗ ಅವನೇ ನನಗೊಂದು ಮೇಲ್ ಐಡಿ ಮಾಡಿಕೊಟ್ಟ. ಕಳಿಸಲು ನನ್ನ ಹತ್ತಿರ ಯಾರ ವಿಳಾಸವೂ ಇರಲಿಲ್ಲ. ನಾನು ಸುಮ್ಮನೆ ಕೂತದ್ದು ನೋಡಿ ತನ್ನ ಮೇಜಿನಿಂದಲೇ ‘ವೆಲ್‌ಕಮ್ ಮೇಡಂ’ ಎಂದು ಒಂದು ಸಾಲು ಕಳಿಸಿದ. ಆ ಪೆಟ್ಟಿಗೆಗೆ ಬಂದ ಪತ್ರ ಅದೊಂದೇ.

ಹುಡುಗಿ ಮತ್ತೆ ಬಂದಾಗ ಪುಟ ನೋಡಿ ಹುಬ್ಬೇರಿಸಿದಳು. ಕೂತಳು. ಎಷ್ಟು ಹೊತ್ತು, ಯಾರು ಸಹಾಯ ಮಾಡಿದರು, ಬೇಕಾದದ್ದು ಸಿಕ್ಕಿತೇ? ನಾನು ಒಂದೊಂದಕ್ಕೂ ಉದ್ದುದ್ದ ಉತ್ತರ ಕೊಟ್ಟೆ. ಈ ಸಲ ಅವಳು ಚಹಾ ಕುಡಿದಳು. ಮುಂದಿನ ಸಲಕ್ಕೆ ಚುರುಮುರಿ ನೆನೆಸಿ, ಒಗ್ಗರಣೆ ಹಾಕಿ ಸೂಸಲ ಮಾಡಿಟ್ಟೆ.

ಒಂಬತ್ತನೆಯ ದಿನ ಅವಳ ಪೆನ್ನು ಒಂದು ಪ್ರಶ್ನೆಯ ಹತ್ತಿರ ನಿಂತಿತು.

“ಅಕ್ಕಾರ, ಈ ಪುಸ್ತಕ ಕೊಡೂಕ್ಕಿಂತ ಮೊದ್ಲು ನೆಟ್ ಸೆಂಟರಿಗೆ ಹೋಗಿದ್ರೇನ್ರಿ?”

“ಇಲ್ಲ.”

“ಮತ್ತ ಈಗ್ಯಾಕ ಹೊಂಟೀರಿ? ಉದ್ದೇಶ ಏನಂತ ಬರೀಬೇಕ್ರಿ ನಾ.”

ಮಾಹಿತಿ ಅನ್ನಬಹುದಿತ್ತು, ಮನರಂಜನೆ ಅನ್ನಬಹುದಿತ್ತು. ಯಾಕೋ ಸುಳ್ಳು ಬರಲಿಲ್ಲ.

“ಗೀಟು ಎಳದ್ರ ನೀ ಐದು ನಿಮಿಷಕ್ಕ ಎದ್ದು ಹೋಗ್ತೀಯಲ್ಲವ್ವಾ” ಎಂದೆ.

ಅವಳು ನಗಲಿಲ್ಲ. “ಇದನ್ನ ಬರೀಲೇಬೇಕ್ರಿ ಅಕ್ಕಾರ. ನಾವು ಬಂದದ್ದಕ್ಕ ಬಳಕಿ ಸುರು ಆತಂದ್ರ ಅಳತಿ ತಪ್ಪತೈತಿ.”

“ಬರಿ.”

ಪುಟದ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಳು. ಆಮೇಲೆ ಪುಸ್ತಕವನ್ನು ಚೀಲಕ್ಕೆ ಹಾಕಿ, ಚೀಲವನ್ನು ಬಾಗಿಲ ಹತ್ತಿರ ಇಟ್ಟು ಬಂದು ನೆಲದ ಮೇಲೆ ನನ್ನೆದುರು ಕೂತಳು. ಸೂಸಲ ತಿನ್ನುತ್ತ ತನ್ನ ಅಕ್ಕನ ಮದುವೆ, ಹಾಸ್ಟೆಲಿನ ಸಾರು, ತನಗೆ ಕನ್ನಡದಲ್ಲಿ ಕನಸು ಬೀಳುವುದೇ ನಿಂತಿದೆ ಎನ್ನುವುದು, ಎಲ್ಲ ಹೇಳಿದಳು. ಎದ್ದಾಗ ಐದು ಗಂಟೆ. ಆ ಮನೆಯಲ್ಲಿ ನಾನು ಕಳೆದ ಅತ್ಯಂತ ಒಳ್ಳೆಯ ಮಧ್ಯಾಹ್ನ ಅದು.

ಹನ್ನೆರಡನೆಯ ದಿನ ಅವಳ ಜೊತೆ ಮೇಲ್ವಿಚಾರಕರೂ ಬಂದರು. ನಮ್ಮ ಮನೆಯನ್ನು ಪಟ್ಟಿಯಿಂದ ತೆಗೆದು ಎದುರು ಮನೆಯನ್ನು ಸೇರಿಸಿದ್ದೇವೆ ಎಂದು ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ ಹೇಳಿದರು. ನನ್ನದೇನೂ ತಪ್ಪಿಲ್ಲವಂತೆ. ಉಳಿದ ಎರಡು ಪುಟ ತುಂಬಿಕೊಡಲೇ ಎಂದು ಕೇಳಿದೆ. ಬೇಕಾಗಿಲ್ಲ ಎಂದರು. ಹುಡುಗಿ ಅವರ ಹಿಂದೆ ನಿಂತು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

ಆಮೇಲೆ ಎರಡು ವಾರ ಅವಳು ಎದುರು ಮನೆಗೆ ಬಂದಳು. ಮೊದಲ ಸಲ ನೀರು ಕೇಳುವ ನೆಪದಲ್ಲಿ ನಮ್ಮಲ್ಲಿ ಹತ್ತು ನಿಮಿಷ ಕೂತಳು. ಆಮೇಲಾಮೇಲೆ ಪರೀಕ್ಷೆ ಹತ್ತಿರ ಬಂತೆಂದು ಬಾಗಿಲಲ್ಲೇ ಮಾತಾಡಿಸಿ ಹೋದಳು. ಅಲ್ಲಿ ಅವಳು ಗಳಗಳ ತೆಲುಗು ಮಾತಾಡುವುದು ನನಗೆ ಕೇಳುತ್ತಿತ್ತು. ಅದನ್ನು ಕೇಳುತ್ತ ಕೂರಲಾರದೆ, ಅವಳು ಕೊನೆಯ ಸಲ ಬರುವ ದಿನ ಬೇಕೆಂತಲೇ ಕೋಠಿಯ ಪೇಟೆಗೆ ಬಸ್ಸು ಹತ್ತಿದೆ. ಬೇಡದ ಎರಡು ರವಿಕೆ ಬಟ್ಟೆ ಕೊಂಡು ತಿರುಗಿ ಬಂದಾಗ ಎದುರು ಮನೆಯಾಕೆ ತಮ್ಮ ಅರೆಬರೆ ಹಿಂದಿಯಲ್ಲಿ, “ಆ ಹುಡುಗಿ ನಿಮ್ಮ ಬಾಗಿಲು ಎರಡು ಸಲ ಬಡಿದಳು, ಬಹಳ ಹೊತ್ತು ಕಾದಳು” ಎಂದರು.

ಒಂದು ವಾರದ ಮೇಲೆ ಯೂನಿವರ್ಸಿಟಿಯ ಗೇಟಿನವರೆಗೆ ನಡೆದು ಹೋದೆ. ಅವಳ ಹೆಸರು ಗೊತ್ತಿತ್ತು, ಯಾವ ವಿಭಾಗವೆಂದು ಕೇಳಿರಲಿಲ್ಲ. ಗೇಟಿನಿಂದ ಮರಗಳು, ಮರಗಳಾಚೆ ರಸ್ತೆ, ರಸ್ತೆಯ ತುಂಬ ಅದೇ ವಯಸ್ಸಿನ ಹುಡುಗಿಯರು. ಸ್ವಲ್ಪ ಹೊತ್ತು ನಿಂತು ತಿರುಗಿದೆ.

ಆ ಸಲ ಗಂಡ ಎಂದಿಗಿಂತ ತಡವಾಗಿ, ತಿಂಗಳು ದಾಟಿದ ಮೇಲೆ ಬಂದರು. ಊಟಕ್ಕೆ ಕೂತಾಗ, ಯಾರೋ ಇಂಟರ್‌ನೆಟ್ ಬಗ್ಗೆ ಕೇಳಲು ಬಂದಿದ್ದರು ಎಂದೆ.

“ನಮ್ಮನ್ಯಾಗ ಏನೈತಿ ಕೇಳಾಕ?” ಎಂದು ಅವರು ನಕ್ಕರು.

“ಹೌದ್ರಿ” ಎಂದು ಇನ್ನೊಂದು ರೊಟ್ಟಿ ಹಾಕಿದೆ.