ಹೋಗಲ್ಲಪ್ಪ ಒಪ್ಪಿಕೊಂಡದ್ದು

ಅವನ ಡ್ರೈಕ್ಲೀನಿಂಗ್ ಅಂಗಡಿಗೆ ಕಲೆಯಾದ ಬಟ್ಟೆ ತಂದವರಿಗೆಲ್ಲ ಸಿಗುತ್ತಿದ್ದ ಉತ್ತರ ಒಂದೇ: "ಹೋಗಲ್ಲಪ್ಪ." ಕಾಫಿ ಚೆಲ್ಲಿದ ಅಂಗಿಯಾಗಲಿ, ಗ್ರೀಸು ಮೆತ್ತಿದ ಪ್ಯಾಂಟಾಗಲಿ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಉಗುರಿನಿಂದ ಒಂದು ಸಲ ಕೆರೆದು, ಸಾವಿನ ಮನೆಗೆ ಬಂದವನ ಮುಖ ಮಾಡಿಕೊಂಡು ಹೇಳುತ್ತಿದ್ದ. ಬರೀ ನೀರು ತಾಗಿದರೆ ಬಿಡುವ ಕಲೆಗೂ ಅದೇ ಮಾತು. ಹೋಗುತ್ತದೆ ಎಂದು ಹೇಳಿ ಹೋಗದಿದ್ದರೆ ಗಿರಾಕಿ ಮೈಮೇಲೆ ಬೀಳುತ್ತಾನೆ. ಹೋಗುವುದಿಲ್ಲ ಎಂದು ಹೇಳಿ ಹೋದರೆ ತಲೆಮೇಲೆ ಹೊತ್ತು ಮೆರೆಸುತ್ತಾನೆ. ವ್ಯಾಪಾರದ ಈ ಗುಟ್ಟು ಕಂಡುಕೊಂಡ ಮೇಲೆ ಅವನು ಬದುಕಿನಲ್ಲಿ ಬೇರೆ ಗುಟ್ಟು ಹುಡುಕುವ ಗೋಜಿಗೆ ಹೋಗಲಿಲ್ಲ.

ಬೀದಿಯವರು ಅವನಿಗೆ ಹೋಗಲ್ಲಪ್ಪ ಎಂದೇ ಹೆಸರಿಟ್ಟರು. ಅಭ್ಯಾಸವೂ ಅಂಗಡಿಯೊಳಗೆ ನಿಲ್ಲದೆ ಮನೆಗೆ ಬಂತು. ಮಳೆ ಬರುತ್ತಾ ಎಂದರೆ ಬರಲ್ಲ, ಬಸ್ಸು ಸಿಗುತ್ತಾ ಎಂದರೆ ಸಿಗಲ್ಲ. ಮದುವೆಗೆ ಮುಂಚೆ ಹುಡುಗಿಯನ್ನು ಭೇಟಿಯಾದಾಗ, "ನಂಗೂ ನಿಂಗೂ ಹೊಂದಲ್ಲ" ಎಂದು ಮೊದಲೇ ಹೇಳಿಬಿಟ್ಟ. ಆಮೇಲೆ ಹೊಂದಿಕೊಂಡಿತು. ಅವಳು ಇವತ್ತಿಗೂ ಅದು ತನ್ನ ಸಾಧನೆ ಎಂದುಕೊಂಡಿದ್ದಾಳೆ.

ಅವನು ಚಕಾರ ಎತ್ತದೆ ಮೆಚ್ಚಿದ್ದು ಜಗತ್ತಿನಲ್ಲಿ ಒಂದನ್ನೇ, ಒಂದು ಬ್ಯಾಂಡನ್ನು. ನಾಲ್ಕು ಜನ ಗಂಡಸರು, ಒಬ್ಬಳು ಹೆಂಗಸು. ಅವರನ್ನು ಯಾರೂ ಕೇಳದಿದ್ದ ಕಾಲದಲ್ಲಿ, ಅರ್ಧ ಖಾಲಿಯಿದ್ದ ಒಂದು ಹಾಲಿನಲ್ಲಿ, ಮುರುಕು ಕುರ್ಚಿಯ ಮೇಲೆ ಕೂತು ಅವನು ಅವರನ್ನು ಕೇಳಿದ್ದ. ಅವರ ಎರಡನೆಯ ಆಲ್ಬಮ್ಮಿನ ಕೊನೆಯ ಹಾಡಿನಲ್ಲಿ ಹಾಡುಗಾರನಿಗೆ ನಡುವೆ ಕೆಮ್ಮು ಬರುತ್ತದೆ. ಅದನ್ನು ಅವರು ಅಳಿಸದೆ ಹಾಗೇ ಬಿಟ್ಟಿದ್ದಾರೆ. ಸಂಗೀತ ಎಂದರೆ ಆ ಕೆಮ್ಮು ಎಂಬುದು ಹೋಗಲ್ಲಪ್ಪನ ಸಿದ್ಧಾಂತ.

ಅದಾದ ಮೇಲೆ ಆ ಹಾಡು ಬಂತು. ಅದರ ಹೆಸರು ಹೇಳುವ ಅಗತ್ಯವಿಲ್ಲ. ಅವನಂತೂ ಯಾವತ್ತೂ ಹೇಳಲಿಲ್ಲ, "ಅದು" ಎನ್ನುತ್ತಿದ್ದ. ಅದು ಹಲ್ಲಿನ ಡಾಕ್ಟರ ಕೋಣೆಯಲ್ಲಿ ಕೇಳಿಸಿತು, ಲಿಫ್ಟಿನಲ್ಲಿ ಕೇಳಿಸಿತು, ಗೋಡೆ ಬಣ್ಣದ ಜಾಹೀರಾತಿನಲ್ಲಿ ಕೇಳಿಸಿತು. ಕರೆಂಟು ಹೋಯಿತೆಂದು ದೂರು ಕೊಡಲು ಫೋನು ಮಾಡಿದರೆ, ದಯವಿಟ್ಟು ಕಾಯಿರಿ ಎಂದು ಅದನ್ನೇ ಹಾಕಿದರು. ಹೋಗಲ್ಲಪ್ಪ ಫೋನಿಟ್ಟು ಕತ್ತಲಲ್ಲೇ ಕೂತ.

ಅವನ ಅಕ್ಕನ ಗಂಡ ಬ್ಯಾಂಡಿನ ಅಭಿಮಾನಿಗಳ ಸಾಲಿಗೆ ಬಂದದ್ದು ಆ ಹಾಡಿನ ಬಾಗಿಲಿನಿಂದಲೇ. ಭಾವ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದರು. ಸ್ಕೂಲು ಎಂದರೆ ಎರಡು ಜೊತೆ ಬ್ರೇಕಿದ್ದ ಒಂದು ಹಳೆಯ ಕಾರು. ಕಾರಿನಲ್ಲಿ ಸದಾ ಆ ಹಾಡು. ಡ್ರಮ್ಮು ಶುರುವಾದಾಗ ಎರಡನೇ ಗೇರು, ಹಾಡುಗಾರ ಸ್ವರ ಎತ್ತಿದಾಗ ಮೂರನೇ ಗೇರು. ಹೀಗೆ ಕಲಿತವರು ಲೈಸೆನ್ಸಿನ ಪರೀಕ್ಷೆಯಲ್ಲಿ ಇನ್ಸ್‌ಪೆಕ್ಟರ ಪಕ್ಕ ಕೂತು ಬಾಯಲ್ಲೇ ಆ ಹಾಡು ಗುನುಗಬೇಕಾಗುತ್ತಿತ್ತು. ಇನ್ಸ್‌ಪೆಕ್ಟರಿಗೆ ಅದು ರೂಢಿಯಾಗಿತ್ತು. ಗುನುಗದೆ ಹೊರಟವರನ್ನು ಕಂಡರೆ ಅವರೇ ಸೀಟ್‌ಬೆಲ್ಟು ಬಿಗಿ ಮಾಡಿಕೊಳ್ಳುತ್ತಿದ್ದರು.

ಭಾನುವಾರ ಮಧ್ಯಾಹ್ನ ಅಂಗಡಿಯ ಷಟರು ಅರ್ಧ ಇಳಿಸಿದ ಮೇಲೆ ವಾದ. ಬೀದಿಯ ಔಷಧಿ ಅಂಗಡಿಯವರು, ಅವರೂ ಬ್ಯಾಂಡಿನ ಭಕ್ತರು, ತೀರ್ಪು ಕೊಡಲು ಬರುತ್ತಿದ್ದರು. ಕೊನೆಗೆ ಮಾತಾಡಿದವರು ಸರಿ ಎನ್ನುವುದು ಅವರ ಪದ್ಧತಿಯಾದ್ದರಿಂದ ವಾದ ಮುಗಿಯುತ್ತಲೇ ಇರಲಿಲ್ಲ.

"ಅದು ಹಾಡಲ್ಲ ಭಾವ, ಗ್ರೀಟಿಂಗ್ ಕಾರ್ಡು," ಎನ್ನುತ್ತಿದ್ದ ಹೋಗಲ್ಲಪ್ಪ, ಇಸ್ತ್ರಿ ಒತ್ತುತ್ತ.

"ಎಲ್ಲರಿಗೂ ಇಷ್ಟ ಆಗಿದೆಯಲ್ಲ, ಅದು ತಪ್ಪಾ?"

"ತಪ್ಪಲ್ಲ. ಸಕ್ಕರೆನೂ ಎಲ್ಲರಿಗೂ ಇಷ್ಟ. ಹಾಗಂತ ಊಟ ಬಿಟ್ಟು ಅದನ್ನೇ ತಿನ್ನೋಕಾಗುತ್ತಾ?"

"ನಿಂಗೆ ಹೊಟ್ಟೆಕಿಚ್ಚು ಕಣೋ. ನೀನು ಮೊದಲು ನೋಡಿದ್ದೆ. ಆಮೇಲೆ ಎಲ್ಲರೂ ನೋಡಿಬಿಟ್ರು. ಅಷ್ಟೇ ನಿನ್ನ ತಕರಾರು."

ಮಾತಿನಲ್ಲಿ ಸತ್ಯವಿತ್ತು. ಹಾಗಾಗಿ ಹೋಗಲ್ಲಪ್ಪ ಇನ್ನೂ ಜೋರಾಗಿ ಇಸ್ತ್ರಿ ಒತ್ತಿದ. ಯಾರದೋ ಕಾಲರು ಅವತ್ತು ಹಳದಿಯಾಯಿತು.

ನೋಡಿದವರು ಇವರಿಬ್ಬರದು ಎಣ್ಣೆ ಸೀಗೆಕಾಯಿ ಎಂದುಕೊಳ್ಳುತ್ತಿದ್ದರು. ನೋಡಿದವರಿಗೆ ಏನು ಗೊತ್ತು. ಅಪ್ಪ ತೀರಿಕೊಂಡಾಗ ಹೋಗಲ್ಲಪ್ಪನಿಗೆ ಮೀಸೆ ಕೂಡ ಮೂಡಿರಲಿಲ್ಲ. ಭಾವ ಅವನನ್ನು ಮನೆಗೆ ಕರೆತಂದು, ತಮ್ಮ ಕಪಾಟಿನ ಅರ್ಧ ಖಾಲಿ ಮಾಡಿಕೊಟ್ಟು, ಇಲ್ಲಿ ಯಾಕಿದ್ದೀಯ ಎಂದು ಒಂದು ದಿನಕ್ಕೂ ಅನ್ನಿಸದಂತೆ ಸಾಕಿದ್ದರು. ಹೋಗಲ್ಲಪ್ಪನಿಗೆ ಭಾವ ಎಂದರೆ ಪ್ರಾಣ. ಅದನ್ನು ಬಾಯಿಬಿಟ್ಟು ಹೇಳುವ ವಿದ್ಯೆ ಅವನಿಗೆ ಬರುತ್ತಿರಲಿಲ್ಲ. ಬರುತ್ತಿದ್ದುದು ವಾದ ಮಾಡುವುದು, ಅದನ್ನು ವಾರವಾರ ತಪ್ಪದೆ ಮಾಡಿದ.

ಭಾವನಿಗೆ ಹೊಟ್ಟೆನೋವು ಶುರುವಾಗಿ, ಪರೀಕ್ಷೆಗಳೆಲ್ಲ ಮುಗಿದು, ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಅಕ್ಕನನ್ನೂ ಅವನನ್ನೂ ನಿಲ್ಲಿಸಿಕೊಂಡು ವಿಷಯ ಹೇಳಿದರು. ಇನ್ನು ಮಾಡುವಂಥದ್ದು ಏನೂ ಇಲ್ಲ, ನೋವು ಕಡಿಮೆ ಮಾಡಬಹುದು ಅಷ್ಟೇ, ಮನೆಗೆ ಕರೆದುಕೊಂಡು ಹೋಗಿ. ಅಕ್ಕ ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ತಮ್ಮನ ಕಡೆ ತಿರುಗಿ, "ಅವರಿಗೆ ಹೇಳೋದು ಬೇಡ. ಹುಣ್ಣಾಗಿದೆ, ವಾಸಿಯಾಗುತ್ತೆ ಅಂತ ಹೇಳೋಣ," ಎಂದಳು. ಆಮೇಲೆ ಒಳಗೆ ಹೋಗಿ ಅದನ್ನೇ ಹೇಳಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು ಅಷ್ಟು ಸಲೀಸಾಗಿ ಹೇಳಿದ್ದನ್ನು ಕೇಳಿ ಹೋಗಲ್ಲಪ್ಪನಿಗೇ ಒಂದು ಗಳಿಗೆ ನಂಬಿಕೆ ಬಂತು.

ಭಾವನ ಮಂಚವನ್ನು ಮುಂದಿನ ಕೋಣೆಯ ಕಿಟಕಿಯ ಪಕ್ಕ ಹಾಕಿದರು. ಕಿಟಕಿಯಿಂದ ಸ್ಕೂಲಿನ ಕಾರು ಕಾಣುತ್ತಿತ್ತು. ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ನೋಡಲು ಬಂದವರನ್ನೆಲ್ಲ ಬಾಗಿಲಲ್ಲೇ ತಡೆದು ಹುಣ್ಣಿನ ಪಾಠ ಒಪ್ಪಿಸಿಕೊಂಡು ಒಳಗೆ ಬಿಟ್ಟಳು. ಔಷಧಿ ಅಂಗಡಿಯವರಂತೂ ಒಂದು ಹೆಜ್ಜೆ ಮುಂದೆ ಹೋಗಿ, ತಮಗೂ ಅಂಥದ್ದೇ ಹುಣ್ಣಾಗಿತ್ತು ಎಂದು ಅಂಗಿ ಎತ್ತಿ ಜಾಗ ತೋರಿಸಿದರು. ಎಲ್ಲ ಸರಾಗವಾಗಿ ನಡೆಯಿತು.

ಮೊದಲ ಭಾನುವಾರ ತಮ್ಮ ಬಂದಾಗ ಅಕ್ಕ ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅವರ ಹತ್ರ ವಾದ ಮಾಡಕೂಡದು. ಅವರಿಗೆ ಸುಸ್ತಾಗುತ್ತೆ. ಏನು ಹೇಳಿದ್ರೂ ಹೂಂ ಅನ್ನು."

"ಏನು ಹೇಳಿದ್ರೂನಾ?"

"ಏನು ಹೇಳಿದ್ರೂ. ಒಂದು ಸಲ ಹೂಂ ಅಂದ್ರೆ ನಿನ್ನ ಗಂಟೇನೂ ಹೋಗಲ್ಲ."

ಅವನು ಹೋಗಿ ಮಂಚದ ಪಕ್ಕ ಕೂತ. ಭಾವ ಸೊರಗಿದ್ದರು, ಆದರೆ ಉತ್ಸಾಹದಲ್ಲಿದ್ದರು. ದಿಂಬಿಗೆ ಒರಗಿಕೊಂಡು, "ನಾನು ಮಲಗಿದಲ್ಲೇ ಯೋಚನೆ ಮಾಡಿದೆ," ಎಂದರು. "ಅವರು ಮಾಡಿದ್ದರಲ್ಲಿ ಆ ಹಾಡೇ ನಿಜವಾದ ಕೆಲಸ. ನಿನ್ನ ಎರಡನೇ ಆಲ್ಬಮ್ಮು ಇದೆಯಲ್ಲ, ಅದು ಆ ಹಾಡಿಗೋಸ್ಕರ ಮಾಡಿದ ಪ್ರಾಕ್ಟೀಸು. ಆ ಕೆಮ್ಮೂ ಪ್ರಾಕ್ಟೀಸೇ."

ಹೋಗಲ್ಲಪ್ಪನ ಕಿವಿ ಬಿಸಿಯಾಯಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅಕ್ಕ ಕೇಳಿಸಿಕೊಳ್ಳುತ್ತಿದ್ದಳು. ಅವನು ಚಾಪೆಯ ಅಂಚನ್ನು ಕಾಲಿನ ಹೆಬ್ಬೆರಳಿನಿಂದ ಒತ್ತಿದ.

"ನೀವು ಹೇಳೋದೂ ಸರಿ ಭಾವ," ಎಂದ. ಸಾಲದೇನೋ ಅನ್ನಿಸಿ, "ಒಳ್ಳೇ ಹಾಡು," ಎಂದು ಸೇರಿಸಿದ.

ಭಾವ ಅವನನ್ನೇ ನೋಡಿದರು. ಆಮೇಲೆ ಕಿಟಕಿಯಾಚೆ ಕಾರನ್ನು ನೋಡಿದರು. ದನಿ ತಗ್ಗಿಸಿ ಕೇಳಿದರು: "ಎಷ್ಟು ದಿನ ಅಂದ್ರು?"

"ಯಾರು?"

"ಡಾಕ್ಟರು."

ಹೋಗಲ್ಲಪ್ಪ ಬಾಯಿ ತೆರೆದ. ಹುಣ್ಣು ಎನ್ನಬೇಕಾಗಿತ್ತು. ಬಾಯಿಗೆ ಬರಲಿಲ್ಲ.

"ಹೆಂಡತಿ ಹೇಳಿದ್ದು ನಂಬಿದ್ದೆ," ಎಂದರು ಭಾವ. "ಆ ಔಷಧಿಯವನು ಹೊಟ್ಟೆ ತೋರಿಸಿದ್ದೂ ನಂಬಿದ್ದೆ. ನೀನು ಒಪ್ಪಿಕೊಂಡೆ ನೋಡು, ಆಗ ಗೊತ್ತಾಯ್ತು."

ಊರಿಗೆ ಊರೇ ಸೇರಿ ಕಟ್ಟಿದ ಸುಳ್ಳನ್ನು ಅವನು ಒಂದು ಹೂಂ ಅಂದು ಕೆಡವಿದ್ದ. ಹುಟ್ಟಿದ ಮೇಲೆ ಮೊದಲ ಸಲ ಸರಿ ಎಂದಿದ್ದ, ಅದರ ಫಲ ಇದು. ಅವನು ಭಾವನ ಪಾದದ ಮೇಲಿನ ಹೊದಿಕೆಯನ್ನು ಸುಮ್ಮನೆ ಸರಿಮಾಡಿದ, ಅದು ಸರಿಯಾಗೇ ಇತ್ತು.

"ಅಕ್ಕನಿಗೆ ಹೇಳಬೇಡ," ಎಂದರು ಭಾವ. "ನಂಗೆ ಗೊತ್ತಿಲ್ಲ ಅಂತ ಅವಳು ಗಟ್ಟಿಯಾಗಿದ್ದಾಳೆ. ಗೊತ್ತು ಅಂದ್ರೆ ಕುಸಿದುಬಿಡ್ತಾಳೆ. ಅವಳ ಮಟ್ಟಿಗೆ ಹುಣ್ಣೇ ಇರಲಿ."

"ಹಾಗಾದ್ರೆ ನಾನೇನು ಮಾಡಲಿ?"

"ಜಗಳ ಆಡು. ಮುಂಚಿನ ಹಾಗೆ."

ಅವತ್ತಿನಿಂದ ಅವನು ದಿನವೂ ಸಂಜೆಗೆ ಮುಂಚೆ ಅಂಗಡಿ ಮುಚ್ಚಿ ಜಗಳಕ್ಕೆ ಬರತೊಡಗಿದ. ಮೊದಲ ದಿನ ಅಕ್ಕ ಸೌಟು ಹಿಡಿದೇ ಓಡಿಬಂದಳು. ಗಂಡ ಕೈ ಬೀಸಿ ಬೀಸಿ ವಾದಿಸುವುದನ್ನು ಕಂಡು ಬಾಗಿಲಲ್ಲೇ ನಿಂತಳು, ಸೌಟು ಕೆಳಗಿಳಿಸಿ ವಾಪಸು ಹೋದಳು. ಇಷ್ಟು ಹಟದಿಂದ ವಾದ ಮಾಡುವ ಮನುಷ್ಯನಿಗೆ ಏನೂ ಗೊತ್ತಾಗಿಲ್ಲ ಎಂಬ ಧೈರ್ಯ ಅವಳಿಗೆ ಬಂದಿರಬೇಕು. ಮಾರನೆಯ ದಿನ ತಾನೇ ಫೋನು ಮಾಡಿ, "ಇವತ್ತು ಬರಲ್ವಾ ಜಗಳಕ್ಕೆ?" ಎಂದು ಕೇಳಿದಳು.

ಹೀಗೆ ಆ ಮನೆಯಲ್ಲಿ ಅಕ್ಕ ಗಂಡನಿಂದ ಬಚ್ಚಿಟ್ಟಳು, ಗಂಡ ಅಕ್ಕನಿಂದ ಬಚ್ಚಿಟ್ಟರು, ಇಬ್ಬರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಹೋಗಲ್ಲಪ್ಪ ಒಂದು ಹಾಡನ್ನು ಬೈದ. ಬೈಯಲು ಹೊಸ ಕಾರಣ ಬೇಕಲ್ಲ; ಅದಕ್ಕಾಗಿ ಅಂಗಡಿಯಲ್ಲಿ ಕೂತು, ಇಷ್ಟು ವರ್ಷ ಕಿವಿ ಮುಚ್ಚಿಕೊಂಡಿದ್ದ ಹಾಡನ್ನು ಮತ್ತೆ ಮತ್ತೆ ಕೇಳಿದ. ಅಷ್ಟೇನೂ ಕೆಟ್ಟದಾಗಿಲ್ಲ ಎಂದು ಒಂದು ದಿನ ಅನ್ನಿಸಿಬಿಟ್ಟಿತು. ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಒಮ್ಮೆ ನೋಡಿಯಾಗಿತ್ತು.

ಬರಬರುತ್ತ ಭಾವನ ಕೈ ಬೀಸುವುದು ನಿಂತಿತು. ದನಿ ಸಣ್ಣದಾಯಿತು. ಒಂದು ಮಧ್ಯಾಹ್ನ ಹೋಗಲ್ಲಪ್ಪ ಎಂದಿನಂತೆ ಶುರು ಮಾಡಿದ, ಆ ಹಾಡಿನ ಎರಡನೇ ಚರಣ ಸುಮ್ಮನೆ ಜಾಗ ತುಂಬಿಸಲು ಬರೆದದ್ದು ಎಂದ. ಭಾವ ಕಣ್ಣು ಮುಚ್ಚಿಕೊಂಡೇ ಇದ್ದರು.

"ಇರಬಹುದು," ಎಂದರು. "ಅಷ್ಟೇನಿಲ್ಲ ಬಿಡು ಆ ಹಾಡು."

ಹೋಗಲ್ಲಪ್ಪ ಗೆದ್ದಿದ್ದ. ಇಂಥ ದರಿದ್ರ ಗೆಲುವು ಶತ್ರುವಿಗೂ ಬೇಡ.

"ಅಷ್ಟೇನಿಲ್ಲ ಅಂದ್ರೆ?" ಎಂದ. "ಆ ಚರಣದಲ್ಲಿ ಡ್ರಮ್ಮು ನಿಂತು ಆಮೇಲೆ ಬರುತ್ತಲ್ಲ, ಅದು ಇನ್ಯಾರಿಗೆ ಬರುತ್ತೆ ಹೇಳಿ. ಎಲ್ಲರಿಗೂ ಇಷ್ಟ ಆಗಿದೆ, ಅದು ತಪ್ಪಾ? ನೀವೇ ಹೇಳ್ತಿದ್ರಲ್ಲ. ಗೇರು ಹಾಕೋಕೆ ಬರದವರೂ ಆ ಹಾಡಲ್ಲಿ ಗಾಡಿ ಓಡಿಸಿದಾರೆ. ಎರಡನೇ ಆಲ್ಬಮ್ಮು ಏನು ಮಹಾ, ಕೆಮ್ಮು ಯಾರಿಗೆ ಬರಲ್ಲ..."

ಅವನು ಹೇಳುತ್ತಲೇ ಹೋದ. ಭಾವ ಇಷ್ಟು ವರ್ಷ ಹೇಳಿದ್ದ ಒಂದೊಂದು ಮಾತನ್ನೂ ತಂದು ಅವರ ಮುಂದಿಟ್ಟ. ಭಾವ ಅಲುಗಲಿಲ್ಲ. ಆದರೂ ಅವನು ನಿಲ್ಲಿಸಲಿಲ್ಲ.

ಅಡುಗೆಮನೆಯಲ್ಲಿ ನಲ್ಲಿಯ ನೀರು ನಿಂತಿತು. ಅಕ್ಕ ಬಂದು ಬಾಗಿಲಲ್ಲಿ ನಿಂತಳು. ತಮ್ಮ ಆ ಹಾಡನ್ನು ಹೊಗಳುತ್ತಿದ್ದಾನೆ, ಗಂಡ ಸುಮ್ಮನೆ ಕೇಳುತ್ತಿದ್ದಾರೆ. ಅಕ್ಕ ದಡ್ಡಿಯಲ್ಲ. ಅವಳು ಇಬ್ಬರ ಮುಖವನ್ನೂ ನೋಡಿದಳು.

"ಯಾವಾಗಿಂದ ಗೊತ್ತು ಇವರಿಗೆ?" ಎಂದಳು.

ಅಕ್ಕ ಕುಸಿಯಲಿಲ್ಲ. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು, ತಮ್ಮನನ್ನು ಎಬ್ಬಿಸಿ, ಅವನ ಕುರ್ಚಿಯಲ್ಲಿ ತಾನು ಕೂತಳು.

"ನಂಗೂ ಆ ಹಾಡು ಯಾವತ್ತೂ ಇಷ್ಟ ಇರಲಿಲ್ಲ," ಎಂದಳು ಗಂಡನಿಗೆ.

ಭಾವ ಕಣ್ಣು ಬಿಟ್ಟರು.

"ಏನು?"

"ಇಷ್ಟ ಇರಲಿಲ್ಲ. ಅದು ಬಂದಾಗಿಂದ ಕೇಳಿ ಕೇಳಿ ತಲೆ ಚಿಟ್ಟು ಹಿಡಿದುಹೋಗಿದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಯಾವತ್ತು ಕೇಳಿದ್ರಿ?" ಅಕ್ಕ ಅವರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು. "ಇರಲಿ. ಮೊದಲು ಡಾಕ್ಟರು ಹೇಳಿದ್ದು ಪೂರ್ತಿ ಹೇಳ್ತೀನಿ. ಆಮೇಲೆ ಹಾಡಿನ ವಿಷಯ."

ಭಾವ ಇನ್ನೊಂದು ಕೈ ಊರಿ ಏಳಲು ನೋಡಿದರು. ಹೋಗಲ್ಲಪ್ಪ ಓಡಿ ಬೆನ್ನಿಗೆ ದಿಂಬು ಕೊಟ್ಟ.

"ಮೊದಲು ಹಾಡಿನ ವಿಷಯ ಹೇಳು," ಎಂದರು ಭಾವ. "ಡಾಕ್ಟರು ಹೇಳಿದ್ದು ನಂಗೆ ಗೊತ್ತು. ಇದು ಗೊತ್ತಿರಲಿಲ್ಲ."