ಪುಷ್ಪಕಕ್ಕೂ ಒಂದಿಷ್ಟು ಓಟ ಬೇಕು

‘ಮಾನ್ಯ ಅಧ್ಯಕ್ಷರೇ, ಪೂಜ್ಯ ಗುರುವೃಂದದವರೇ, ನನ್ನ ನೆಚ್ಚಿನ ಸಹಪಾಠಿಗಳೇ...’

ಹೋದ ವರ್ಷ ನನ್ನ ಮಗಳು ಪಲ್ಲವಿ ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಇಷ್ಟು ಹೇಳಿ ನಿಂತುಬಿಟ್ಟಳು. ಮುಂದಿನ ಸಾಲು ಬರಲಿಲ್ಲ. ಮತ್ತೆ ಅಧ್ಯಕ್ಷರಿಂದ ಶುರುಮಾಡಿದಳು. ಸಹಪಾಠಿಗಳ ತನಕ ಬಂದು ಮತ್ತೆ ನಿಂತಳು. ಮೂರನೇ ಸಲ ಅಧ್ಯಕ್ಷರೇ ಕೈಸನ್ನೆ ಮಾಡಿ ಕೆಳಗಿಳಿಸಿದರು. ಅಂದಿನಿಂದ ಈ ಹುಡುಗಿ ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ ಎಂದು ಟೀಚರ್ ಡೈರಿಯಲ್ಲಿ ಬರೆದು ಕಳಿಸಿದ್ದರು.

ಆ ಭಾಷಣ ಬರೆದುಕೊಟ್ಟವರು ಯಾರು ಎಂದು ದಯವಿಟ್ಟು ಕೇಳಬೇಡಿ. (ಸರಿ, ನಾನೇ. ಮನೆಯಲ್ಲೇ ಅಂಕಣ ಬರೆಯುವ ತಾಯಿ ಇರುವಾಗ ಬೇರೆಯವರ ಹತ್ತಿರ ಬರೆಸುವುದುಂಟೇ?)

ಈ ವರ್ಷ ಎಂಟನೇ ಕ್ಲಾಸು. ಅವಳೇ ಬಂದು, ‘ಅಮ್ಮಾ, ಮತ್ತೆ ಹೆಸರು ಕೊಟ್ಟಿದ್ದೀನಿ’ ಎಂದಾಗ ನನಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ಇನ್ನೊಂದು ಸಲ ಹಾಗೆ ನಿಂತರೆ ಇವಳು ಜನ್ಮದಲ್ಲಿ ನಾಲ್ಕು ಜನರೆದುರು ಬಾಯಿ ಬಿಡುತ್ತಾಳೆಯೇ?

ವಿಷಯ, ‘ನನ್ನನ್ನು ಬೆರಗುಗೊಳಿಸಿದ ಯಂತ್ರ’. ಗೆಳತಿಯರೆಲ್ಲ ಕಂಪ್ಯೂಟರ್, ಮೊಬೈಲ್ ಹಿಡಿದರೆ ಇವಳು ಹಿಡಿದದ್ದು ಯುದ್ಧವಿಮಾನ. ಅದೂ ಎಂಥದು? ರನ್‌ವೇ ಇಲ್ಲದೆ ನೇರ ಮೇಲೇಳುವ, ಹಾಗೇ ಕೆಳಗಿಳಿಯುವ ಹ್ಯಾರಿಯರ್. ನಮ್ಮ ನೌಕಾಪಡೆಯ ಹಡಗಿನ ಮೇಲೂ ಇದೆ. ಅದು ಗಾಳಿಯಲ್ಲಿ ಅಲುಗಾಡದೆ ನಿಂತದ್ದನ್ನು ಟೀವಿಯಲ್ಲಿ ನೋಡಿ ಮರುಳಾಗಿದ್ದಳು.

ನಾನು ಫೋರ್ತ್ ಬ್ಲಾಕಿನ ಸೈಬರ್ ಸೆಂಟರಿಗೆ ಹೋಗಿ ನಾಲ್ಕು ಪುಟ ಪ್ರಿಂಟ್ ತೆಗೆಸಿದೆ. ಒಂದೇ ಸಂಜೆಯಲ್ಲಿ ಭಾಷಣ ರೆಡಿ. ‘ಬಾಂಬುಗಳ ಭಾರವನ್ನೆಲ್ಲ ಹೊತ್ತು, ಪುರಾಣದ ಪುಷ್ಪಕದಂತೆ ನಿಂತ ನೆಲದಿಂದಲೇ ನೇರ ನಭಕ್ಕೆ ನೆಗೆವ...’ ಓದಿಕೊಂಡು ನನಗೇ ರೋಮಾಂಚನ. ಒಂದೇ ಉಸಿರಿನಲ್ಲಿ ಐದು ನಕಾರ!

ಪಲ್ಲವಿ ಮೆಟ್ಟಿಲ ಮೇಲೆ ಕೂತು ಇದನ್ನು ಉರು ಹೊಡೆಯುತ್ತಿದ್ದಾಗ ಮಹಡಿ ಮನೆಯ ಬಸಣ್ಣ ಇಳಿದು ಬಂದರು. ಬಾಗಲಕೋಟೆ ಕಡೆಯವರು. ನೌಕಾಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾಗಿ, ಈಗ ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ಲಿಫ್ಟು, ಜನರೇಟರು ನೋಡಿಕೊಳ್ಳುತ್ತಾರೆ. ಅವರು ಕೈಯಾಡಿಸಿದ್ದು ಇದೇ ವಿಮಾನದ ಎಂಜಿನ್ನುಗಳಲ್ಲಿ ಎಂದು, ಎರಡು ವರ್ಷದಿಂದ ನಮ್ಮ ಬಾಡಿಗೆದಾರರಾಗಿದ್ದರೂ, ನನಗೆ ಗೊತ್ತೇ ಇರಲಿಲ್ಲ. (ನೀರು ಬಂತಾ, ಕರೆಂಟು ಹೋಯ್ತಾ ಎನ್ನುವುದು ಬಿಟ್ಟು ಬಾಡಿಗೆದಾರರ ಹತ್ತಿರ ನಾವು ಮಾತಾಡುವುದಾದರೂ ಏನು?)

‘ಇದನ್ನ ಯಾರ್ ಬರದಾರ್ರೀ ಮೇಡಂ?’

‘ಯಾಕೆ ಬಸಣ್ಣ, ಚೆನ್ನಾಗಿಲ್ವಾ?’

‘ಭಾಳ ಚಲೋ ಐತ್ರಿ. ಆದ್ರ ಸುಳ್ಳೈತಿ.’

ನನ್ನ ಮುಖ ನೋಡಿ ಅವರೇ ಬಿಡಿಸಿ ಹೇಳಿದರು. ‘ಹಗುರ ಇದ್ರ ನೆಟ್ಟಗ ಏಳತೈತ್ರಿ. ಟಾಕಿ ತುಂಬಿಸಿ, ಮ್ಯಾಲ ಬಾಂಬೂ ಹೇರಿದ್ರ ಹೆಂಗ ಏಳತೈತಿ? ಸ್ವಲ್ಪ ಓಡಬೇಕ್ರಿ. ಅದಕ್ಕಂತನ ಹಡಗಿನ ಮೂತಿ ಮ್ಯಾಲಕ್ಕ ಬಾಗಿಸಿರ್ತಾರ. ಹೋದ ಕೆಲಸ ಮುಗಿಸಿ ಬರೂದ್ರಾಗ ಎಣ್ಣಿ ಖಾಲಿ ಆಗಿರ್ತೈತಿ. ಆಗ ನೆಟ್ಟಗ ಇಳೀತೈತಿ.’

ಹಳೆಯ ಕ್ಯಾಲೆಂಡರಿನ ರಟ್ಟನ್ನು ತುದಿಯಲ್ಲಿ ಬಾಗಿಸಿ ಹಿಡಿದು, ಅದರ ಮೇಲೊಂದು ನಿಂಬೆಹಣ್ಣು ಉರುಳಿಸಿದರು. ಹಣ್ಣು ತುದಿ ಮುಟ್ಟಿ ಟಣ್ಣನೆ ಹಾರಿತು. ಪಲ್ಲವಿ ಅದನ್ನು ಹತ್ತು ಸಲ ಮಾಡಿ ನೋಡಿದಳು.

‘ಅಮ್ಮಾ, ಆ ಸಾಲು ಬದಲಾಯಿಸೋಣ.’

‘ಇನ್ನು ಆರೇ ದಿನ ಇದೆ ಕಣೇ. ಬದಲಾಯಿಸಿದ್ರೆ ಮರೆತುಹೋಗ್ತೀಯ. ಜಡ್ಜ್‌ಗಳಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತೆ?’

ಮರೆವು ಒಂದು ನೆಪ. ನಿಜ ಹೇಳಬೇಕೆಂದರೆ ನನಗೆ ಆ ಐದು ನಕಾರಗಳನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಮರುದಿನದಿಂದ ಸಂಜೆಯಾದರೆ ಹುಡುಗಿ ಮಹಡಿಯ ಮೇಲೆ. ಬಾಯಿಪಾಠ ಮಾಡುವುದು ಬಿಟ್ಟು ಹರಟೆಗೆ ಹೋಗುತ್ತಾಳೆ ಎಂದು ನನಗೆ ಸಿಟ್ಟು. ಕೆಳಗಿಳಿದು ಬಂದವಳು ಊಟದ ತಟ್ಟೆಯ ಮುಂದೆಯೂ ಅದನ್ನೇ ಹೇಳುತ್ತಿದ್ದಳು. ಎಂಜಿನ್ನಿಗೆ ಆಚೆ ಎರಡು ಈಚೆ ಎರಡು, ಒಟ್ಟು ನಾಲ್ಕು ಬಾಯಿಗಳಂತೆ. ಹಿಂದಕ್ಕೆ ತಿರುಗಿಸಿದರೆ ವಿಮಾನ ಮುಂದೆ ನುಗ್ಗುತ್ತದಂತೆ, ಕೆಳಕ್ಕೆ ತಿರುಗಿಸಿದರೆ ಮೇಲೇಳುತ್ತದಂತೆ. ಗಾಳಿಯಲ್ಲಿ ನಿಂತಾಗ ರೆಕ್ಕೆಯಿಂದ ಏನೂ ಉಪಯೋಗವಿಲ್ಲ, ಮೂತಿ, ಬಾಲ, ರೆಕ್ಕೆಯ ತುದಿಗಳಿಂದ ಸಣ್ಣಗೆ ಗಾಳಿ ಊದಿ ಸಮತೋಲ ಹಿಡಿಯಬೇಕಂತೆ. ಎಂಜಿನ್ ಕಾದು ಕೆಂಡವಾಗದಿರಲೆಂದು ಒಳಗೆ ನೀರು ಚಿಮ್ಮಿಸುತ್ತಾರಂತೆ. ಆ ನೀರು ಬರುವುದು ಒಂದೂವರೆ ನಿಮಿಷದಷ್ಟು ಮಾತ್ರ. ಅಷ್ಟರಲ್ಲಿ ಇಳಿದುಬಿಡಬೇಕು.

‘ಅಮ್ಮಾ, ಇಂಗ್ಲೆಂಡಲ್ಲಿ ಮೊದಲನೇ ಸಲ ಮೇಲೆತ್ತಿದಾಗ ಅದನ್ನ ನೆಲಕ್ಕೆ ಕಟ್ಟಿಹಾಕಿದ್ರಂತೆ! ಪೈಲಟ್ ಕಾಲಿಗೆ ಬೇರೆ ಪ್ಲಾಸ್ಟರ್ ಇತ್ತಂತೆ!’

(ನಮ್ಮ ಮನೆಯಲ್ಲಿ ನೆಗಡಿ ಬಂದರೆ ಶಾಲೆಗೆ ಎರಡು ದಿನ ರಜೆ.)

ಒಂದು ಸಂಜೆ ನಾನೂ ಕಾಫಿ ಹಿಡಿದು ಮಹಡಿ ಹತ್ತಿದೆ. ಪಲ್ಲವಿ ಕೇಳುತ್ತಿದ್ದಳು, ‘ಅಂಕಲ್, ಅದು ಬಾಂಬ್ ಹಾಕೋ ವಿಮಾನ ಅಲ್ವಾ? ನಿಮಗೆ ಬೇಜಾರಾಗ್ತಿರ್ಲಿಲ್ವಾ?’

ಬಸಣ್ಣ ನನ್ನ ಕೈಯಿಂದ ಕಾಫಿ ತೆಗೆದುಕೊಂಡರು. ‘ನನ್ನ ಕೆಲಸ ಬ್ಯಾರೆ ಇತ್ತವ್ವಾ. ಹಾರೂಕಿಂತ ಮೊದಲ ಪೆಟ್ಟಿಗಿ ತೆಗದು ಪಾನಾ, ಸ್ಕ್ರೂಡ್ರೈವರ್ ಎಲ್ಲಾ ಎಣಿಸಬೇಕು. ಒಂದ ಒಂದು ಕಮ್ಮಿ ಆದ್ರೂ ವಿಮಾನ ಬಿಡಂಗಿಲ್ಲ. ಎಂಜಿನ್ನಿನ್ಯಾಗ ಉಳದಿದ್ರ? ಹೋದ ಪೈಲಟ್ ತಿರುಗಿ ಬರಬೇಕಲ್ಲ. ಅಷ್ಟ ನನ್ನ ಕೆಲಸ.’

ನನಗೆ ನಾಚಿಕೆಯಾಯಿತು. ಒಂದು ಪಾನಾ ತಪ್ಪದಂತೆ ಬದುಕಿದ ಮನುಷ್ಯನ ಮುಂದೆ, ಸುಳ್ಳೆಂದು ಗೊತ್ತಿದ್ದೂ ಒಂದು ಸಾಲು ಬಿಡಲಾರದೆ ಕೂತಿದ್ದೆ. ಆದರೂ ಬಿಡಲಿಲ್ಲ ನೋಡಿ! ಬರೆಯುವವರ ಹಟ ಸುಲಭಕ್ಕೆ ಇಳಿಯುವುದಲ್ಲ.

ಶನಿವಾರ ಬಂತು. ಯಡಿಯೂರಿನ ಶಾಲೆಯ ಹಾಲ್‌ನ ಮೂರನೇ ಸಾಲಿನಲ್ಲಿ ಕೂತಿದ್ದೆ. ಅಧ್ಯಕ್ಷರು, ಗುರುವೃಂದ, ಸಹಪಾಠಿಗಳು ಸುಸೂತ್ರವಾಗಿ ದಾಟಿದರು. ಮೊದಲ ಪ್ಯಾರಾ ನೀರು ಕುಡಿದಂತೆ ಹೋಯಿತು. ‘ಬಾಂಬುಗಳ ಭಾರವನ್ನೆಲ್ಲ ಹೊತ್ತು...’

ನಿಂತಳು.

ಹಿಂದೆ ಯಾರೋ ಕಿಸಕ್ಕೆಂದರು. ನನ್ನ ತುಟಿ ತಾನಾಗಿ ಅಲುಗುತ್ತಿತ್ತು: ಪುರಾಣದ ಪುಷ್ಪಕದಂತೆ, ಹೇಳೇ, ಪುರಾಣದ ಪುಷ್ಪಕದಂತೆ! ಅವಳು ನನ್ನ ತುಟಿಯನ್ನು ನೋಡಿದಳು. ಆಮೇಲೆ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

‘ಇದು ನಮ್ಮಮ್ಮ ಬರೆದುಕೊಟ್ಟಿದ್ದು. ಮುಂದಿನ ಸಾಲು ಗೊತ್ತು, ಆದ್ರೆ ಅದು ತಪ್ಪು. ಸರಿಯಾಗಿರೋದನ್ನ ನಾನೇ ಹೇಳ್ತೀನಿ.’

ಇಡೀ ಹಾಲ್ ನಕ್ಕಿತು. ನಾನು ಭೂಮಿ ಬಾಯಿಬಿಡಬಾರದೇ ಎಂದುಕೊಂಡೆ. ಅವಳು ಮಾತ್ರ ಎರಡೂ ಅಂಗೈಗಳನ್ನು ಹಿಂದಕ್ಕೆ ಚಾಚಿದಳು, ಕೆಳಕ್ಕೆ ತಿರುಗಿಸಿದಳು, ಎಂಜಿನ್ನಿನ ಬಾಯಿ ಹೀಗಿರುತ್ತದೆ ಎಂದಳು. ಭಾರ ಇದ್ದಾಗ ಓಡಬೇಕು, ಅದು ಸೋಲಲ್ಲ ಎಂದಳು. ‘ಒಂದೇ ಕಡೆ ನಿಂತ್ಕೊಳ್ಳೋದು ಹಾರೋದಕ್ಕಿಂತ ಸಖತ್ ಕಷ್ಟ’ ಎಂದಾಗ ಕಿಸಕ್ಕೆಂದಿದ್ದವರೂ ಚಪ್ಪಾಳೆ ತಟ್ಟಿದರು. ಸಮಯ ಮೀರಿತೆಂದು ಗಂಟೆ ಬಾರಿಸಿದರು. ಇವಳು ಕೈ ಮುಗಿದು, ‘ಇನ್ನೊಂದೇ ನಿಮಿಷ ಸಾರ್, ನೀರಿನ ವಿಷಯ ಬಾಕಿ ಇದೆ’ ಎಂದಳು. ವರ್ಷವಿಡೀ ಬಾಯಿ ಮುಚ್ಚಿಕೊಂಡಿದ್ದ ಹುಡುಗಿ! ನನ್ನ ಕಣ್ಣು ತುಂಬಿ ಬಂತು.

ಬಹುಮಾನ ಬರಲಿಲ್ಲ. ಸಮಯ ಮೀರಿದ್ದಕ್ಕೆ ಅಂಕ ಕಳೆದಿದ್ದರು. ಕೆಳಗಿಳಿದು ಬಂದವಳಿಗೆ ಅದರ ಗೊಡವೆಯೇ ಇಲ್ಲ.

‘ಮರೆತುಹೋಗುತ್ತೆ ಅಂತ ಭಯ ಆಗ್ಲಿಲ್ವೇನೇ?’ ಎಂದೆ.

‘ಗೊತ್ತಿರೋದನ್ನ ಹೇಗಮ್ಮಾ ಮರೆಯೋದು?’ ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದಳು.

ಗೇಟಿನ ಹತ್ತಿರ ಒಬ್ಬ ತಾಯಿ ಮಗನ ಕೈ ಹಿಡಿದುಕೊಂಡು ಅಡ್ಡ ಬಂದರು. ‘ಮೇಡಂ, ನೀವು ಚೆನ್ನಾಗಿ ಬರೀತೀರಂತೆ. ಮುಂದಿನ ತಿಂಗಳು ಇವನಿಗೂ ಒಂದು ಭಾಷಣ ಇದೆ, ಬರ್ಕೊಡ್ತೀರಾ?’

‘ಬರೆಯೋಣ. ಇವನಿಗೆ ಏನು ಇಷ್ಟ?’ ಎಂದೆ.

ಆಕೆ ಬಗ್ಗಿ ಮಗನನ್ನು ಕೇಳಿದರು, ‘ಏನೋ ಇಷ್ಟ ನಿಂಗೆ?’ ಅವನು ಹೇಳಲು ಶುರುಮಾಡಿದ. ನಾವು ಮನೆಗೆ ಹೊರಟಾಗಲೂ ಹೇಳುತ್ತಲೇ ಇದ್ದ.

ನಿಮ್ಮ ಮನೆಯಲ್ಲಿ ಮಕ್ಕಳಿಗೆ ಏನು ಇಷ್ಟ ಎಂದು ಯಾರಾದರೂ ಕೇಳಿದ್ದೀರಾ?