ಸಂಜೀವಣ್ಣನ ಮೂರು ವಾರದ ಡಿವಿಜನ್

ಸಂಜೀವಣ್ಣ ದೋಸೆ ಹೊಯ್ಯುವಾಗ ಫ್ರೆಂಚಿನಲ್ಲಿ ಎಣಿಸುತ್ತಿದ್ದರು. "ಅಂ, ದ್ಯೂ, ತ್ರ್ವಾ..." ಹನ್ನೆರಡು ಮುಗಿದರೆ ಸಟ್ಟುಗ ಹಣೆಗೆತ್ತಿ ಒಂದು ಸೆಲ್ಯೂಟ್. ಎಪ್ಪತ್ತರ ದಶಕದ ಆರಂಭದ ಮಾತು. ವಿಲೆ ಪಾರ್ಲೆ ಸ್ಟೇಷನ್ನಿನ ಹತ್ತಿರದ ಆ ಉಡುಪಿ ಹೋಟೆಲಿನಲ್ಲಿ ಎಲ್ಲರೂ ನಗುತ್ತಿದ್ದರು. ಪಕ್ಕದ ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದ ನಾನೂ ನಗುತ್ತಿದ್ದೆ.

ಅವರ ತಂದೆ ಮಾಹೆಯಲ್ಲಿ ಹೋಟೆಲು ಇಟ್ಟಿದ್ದರು. ಆಗ ಅದು ಫ್ರೆಂಚರ ಊರು. ಅಲ್ಲೇ ಹುಟ್ಟಿ ಬೆಳೆದ ಸಂಜೀವಣ್ಣ ಹಡಗು ಹತ್ತಿ ಹೋಗಿ ಫ್ರೆಂಚ್ ಸೈನ್ಯ ಸೇರಿದ್ದರು. "ನಾನೊಬ್ಬನೇ ಹೋಗಿದ್ದರೆ ಚಿಂತೆ ಇರಲಿಲ್ಲ ತಂಗೀ, ಭಾವನನ್ನೂ ಎಳಕೊಂಡು ಹೋದೆ," ಎನ್ನುತ್ತಿದ್ದರು. ಆ ಭಾವ ರಾಮಣ್ಣ ಮರಳಿ ಬರಲಿಲ್ಲ. ಸಂಜೀವಣ್ಣನ ಅಕ್ಕ ಗಿರಿಜಕ್ಕ ಮಲಾಡಿನ ಒಂದು ಚಾಳಿನಲ್ಲಿ ಮೂವತ್ತು ವರ್ಷಗಳಿಂದ ಗಂಡನಿಗಾಗಿ ಕಾಯುತ್ತ, ಕುಂಕುಮ ಇಟ್ಟುಕೊಂಡೇ ಇದ್ದರು.

ಒಂದು ಮಧ್ಯಾಹ್ನ ಸಂಜೀವಣ್ಣ ಲೈಬ್ರರಿಗೆ ಬಂದರು. ಚಪ್ಪಲಿ ಹೊರಗೇ ಬಿಟ್ಟಿದ್ದರು.

"ನಮ್ಮ ಡಿವಿಜನ್ನಿನ ಕತೆ ಯಾವುದಾದರೂ ಪುಸ್ತಕದಲ್ಲಿ ಉಂಟಾ ನೋಡು. ಅದು ಎಲ್ಲಿ ಹೋಯಿತು ಅಂತ ಸಿಕ್ಕಿದರೆ ಭಾವನದ್ದೂ ಸಿಕ್ಕೀತು."

ಮಹಾಯುದ್ಧದ ದಪ್ಪ ಇತಿಹಾಸವೊಂದರ ಅಡಿಟಿಪ್ಪಣಿಯಲ್ಲಿ ಎರಡು ಸಾಲು ಸಿಕ್ಕಿತು. ಜರ್ಮನರು ನುಗ್ಗಿ ಬಂದಾಗ, ಚದುರಿದ ತುಕಡಿಗಳ ಜನರನ್ನು ಕೂಡಿಸಿ ಕಟ್ಟಿದ ಡಿವಿಜನ್; ಕಟ್ಟಿದ ಮೂರೇ ವಾರಕ್ಕೆ ಫ್ರಾನ್ಸ್ ಸೋತಿತು, ಅದೂ ಮುಗಿಯಿತು. ಓದಿ ಹೇಳಿದೆ.

"ಇಷ್ಟೆಯಾ?"

"ಇಷ್ಟೇ, ಸಂಜೀವಣ್ಣ."

ಅವರು ಆ ಎರಡು ಸಾಲುಗಳ ಮೇಲೆ ಬೆರಳಾಡಿಸಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಪ್ಯಾರಿಸಿನ ಸೈನ್ಯದ ದಾಖಲೆ ಕಚೇರಿಗೆ ಕಾಗದ ಬರೆದೆ. ತಿಂಗಳುಗಳ ಮೇಲೆ ವಿನಯದ ಉತ್ತರ ಬಂತು: ಆ ಡಿವಿಜನ್ನಿನ ಹೆಸರುಪಟ್ಟಿ ಪೂರ್ತಿ ತಯಾರಾಗಿಯೇ ಇರಲಿಲ್ಲ. ಸಿಕ್ಕಿದ ಹಾಳೆಗಳಲ್ಲಿ ರಾಮಣ್ಣ ಎಂಬ ಹೆಸರಿಲ್ಲ.

"ಇನ್ನು ಅಕ್ಕನಿಗೆ ನಾನೇ ಹೇಳಬೇಕು. ಒಬ್ಬನೇ ಹೋಗಲಿಕ್ಕೆ ಧೈರ್ಯ ಸಾಲುವುದಿಲ್ಲ. ನೀನೂ ಬಾ," ಎಂದರು.

ಭಾನುವಾರ ಮಲಾಡಿಗೆ ಹೋದೆವು. ಗಿರಿಜಕ್ಕ ಅವಲಕ್ಕಿ ಕೊಟ್ಟು, ಎಂದಿನಂತೆ ಕೇಳಿದರು, "ಎಂತಾದರೂ ಸುದ್ದಿ ಬಂತಾ?"

ಸಂಜೀವಣ್ಣ ತಟ್ಟೆ ಕೆಳಗಿಟ್ಟರು. "ಅಕ್ಕ, ನಾನು ಇಷ್ಟು ವರ್ಷ ಸುಳ್ಳು ಹೇಳಿದೆ. ಗದ್ದಲದಲ್ಲಿ ನಾವು ತಪ್ಪಿಹೋದದ್ದಲ್ಲ. ಭಾವನ ಕಾಲಿಗೆ ಗುಂಡು ಬಿದ್ದಿತ್ತು. ಸೇತುವೆ ಸಿಡಿಸುತ್ತಾರೆ, ಬೇಗ ದಾಟಿ ಅಂತ ಹುಕುಂ ಬಂತು. ಎತ್ತಲಿಕ್ಕೆ ನೋಡಿದೆ, ಆಗಲಿಲ್ಲ. ಮರದ ಬುಡದಲ್ಲಿ ಕೂರಿಸಿ ಓಡಿದೆ. ಆಗ ಜೀವ ಇತ್ತು."

ಗಿರಿಜಕ್ಕ ಆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ನೀರು ಕೊಟ್ಟಿದ್ದಿಯಾ?"

"ಇಲ್ಲ ಅಕ್ಕ. ಬಾಟ್ಲಿ ನನ್ನ ಸೊಂಟದಲ್ಲೇ ಉಳಿಯಿತು."

ಅವರು ಎದ್ದು ಒಳಗೆ ಹೋಗಿ ಕದ ಮುಂದೆ ಮಾಡಿಕೊಂಡರು. ನಾವು ಕಾದೆವು. ಸಂಜೀವಣ್ಣ ಎರಡು ಸಲ ಕರೆದರು. ಕದ ತೆರೆಯಲಿಲ್ಲ.

ಮರುವಾರ ಹೋಟೆಲಿನ ದೋಸೆಕಲ್ಲಿನ ಮುಂದೆ ಬೇರೆ ಭಟ್ಟರು ಇದ್ದರು. ಸಂಜೀವಣ್ಣ ಎಲ್ಲಿ ಹೋದರೆಂದು ಮಾಲಕರಿಗೂ ಗೊತ್ತಿರಲಿಲ್ಲ, ಸಾಂತಾಕ್ರೂಜಿನಲ್ಲಿ ಅವರೊಂದಿಗೆ ಖೋಲಿ ಹಂಚಿಕೊಂಡಿದ್ದವರಿಗೂ ಗೊತ್ತಿರಲಿಲ್ಲ. ನಾನು ಅವರನ್ನು ಕಡೆಯದಾಗಿ ಕಂಡದ್ದು ಮಲಾಡಿನಿಂದ ಮರಳುವಾಗ, ಲೋಕಲಿನಲ್ಲಿ. ವಿಲೆ ಪಾರ್ಲೆ ಬಂತೆಂದು ಎದ್ದೆ. ಅವರು ನನ್ನ ಕೈಚೀಲದ ತುದಿ ಹಿಡಿದು ಕೇಳಿದರು:

"ತಂಗೀ, ಭಾವ ಸತ್ತಿದ್ದಾನೆ ಅಂತಲೇ ಅಕ್ಕನಿಗೆ ಹೇಳಬೇಕಿತ್ತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಜನ ನನ್ನನ್ನು ಪ್ಲಾಟ್‌ಫಾರ್ಮಿಗೆ ತಳ್ಳಿಬಿಟ್ಟರು.